ಮಾವನವರ ಕತ್ತರಿ, ನನ್ನ ‘ಕಟ್’!

ಫೋನು ಇದ್ದವರೆಲ್ಲ ವಿಡಿಯೋ ತೆಗೆಯುತ್ತಾರೆ. ‘ಶಾಟ್’ ತೆಗೆಯುವವನು ಈ ಓಣಿಯಲ್ಲಿ ನಾನೊಬ್ಬನೇ! ಹೀಗೆಂದು ನಾನು ಘೋಷಿಸಿದಾಗ ಹೆಂಡತಿ ಟೀ ಸೋಸುತ್ತಿದ್ದಳು. ನಲವತ್ತೆರಡು ವರ್ಷ ಹೊಲಿಗೆ ಯಂತ್ರ ತುಳಿದ ಮಾವನವರು ಅಂದು ಅಂಗಡಿಯನ್ನು ಕಾಯಮ್ಮಾಗಿ ಮುಚ್ಚುವವರಿದ್ದರು. ಉಳಿದಿದ್ದು ಒಂದೇ ಕೆಲಸ, ಹಳೆಯ ಗಿರಾಕಿ ಹೆಡ್‌ಮಾಸ್ತರರ ಗೆರೆಗೆರೆ ಕೋಟು. ಅದನ್ನು ಸೆರೆಹಿಡಿಯಲೆಂದೇ ನಾನು ಮೂರು ವಾರ ಕಂಪೋಸಿಷನ್ ಪಾಠ, ಅಂದರೆ ಫ್ರೇಮಿನಲ್ಲಿ ಏನಿರಬೇಕು, ಏನಿರಬಾರದು ಎಂಬ ಪಾಠ, ಕೇಳಿ ಸಜ್ಜಾಗಿದ್ದೆ.

“ಅಪ್ಪ ಕೆಲಸ ಮಾಡೋದನ್ನ ಸುಮ್ನೆ ತೆಗೀರಿ, ಸಾಕು.”

“ಸುಮ್ನೆ ತೆಗೆಯೋಕೆ ನಾನೇನು ಎಕ್ಸ್‌ರೇ ಮೆಷೀನಾ? ನನ್ನದು ದೃಶ್ಯಕಾವ್ಯ!”

ಅಂಗಡಿಯ ಅಗಲ ಎಂಟೇ ಅಡಿ. ಮುನ್ನೆಲೆಗೆ ದಾರದ ಉಂಡೆ, ಹಿನ್ನೆಲೆಗೆ ಕನ್ನಡಿ ಜೋಡಿಸಿದೆ. ಪಾಠದಲ್ಲಿ ಹೇಳಿದಂತೆ ಮಾವನವರ ಮೂಗು ಸರಿಯಾಗಿ ಫ್ರೇಮಿನ ಮೂರನೇ ಒಂದು ಭಾಗದಲ್ಲಿ ಬರಲೆಂದು ಅವರನ್ನು ಯಂತ್ರದ ಸಮೇತ ಮೂಲೆಗೆ ತಳ್ಳಿದೆ.

“ಅಳಿಯಂದಿರೇ, ಇಲ್ಲಿ ಸೂಜಿನೇ ಕಾಣ್ಸಲ್ಲ.”

“ನೆರಳು ಚೆನ್ನಾಗಿದೆ, ಮಾವ!”

ಮೇಲಿನಿಂದೊಂದು ಶಾಟ್ ಬೇಕಲ್ಲ? ಬೆಂಚಿನ ಮೇಲೆ ಸ್ಟೂಲಿಟ್ಟು ಹತ್ತಿದೆ. ಕೆಳಗೆ ಮಾವನವರು ಬಹುತೇಕ ಮುಗಿದ ಕೋಟಿನ ಕಚ್ಚಾ ಹೊಲಿಗೆಯ ದಾರಗಳನ್ನು ಕತ್ತರಿಯಿಂದ ತೆಗೆಯುತ್ತಿದ್ದರು. ಆಹಾ, ಏನು ದೃಶ್ಯ! ಅಷ್ಟರಲ್ಲಿ ಸ್ಟೂಲು ಅಲುಗಿತು. ಜೀವ ಬಾಯಿಗೆ ಬಂದು ಕಿರುಚಿದೆ: “ಕಟ್! ಕಟ್!”

ಮಾವನವರೋ ಅಂಗಡಿಗೆ ಬಂದವರ ಮಾತನ್ನು ಎಂದೂ ಮೀರದ ಮನುಷ್ಯ. ಕಟ್ ಮಾಡಿಯೇಬಿಟ್ಟರು!

ಕೋಟಿನ ಬಲಪಕ್ಕೆಯಲ್ಲಿ ಬೆರಳುದ್ದ ಬಾಯಿ ತೆರೆದುಕೊಂಡಿತು.

“ಮಾವ... ನಾನು ಹೇಳಿದ್ದು ಕ್ಯಾಮೆರಾಗೆ...”

“ಕ್ಯಾಮೆರಾಗೆ ಕಿವಿ ಇದ್ಯೇನಪ್ಪಾ?” ಎಂದರು ಮಾವ. ಕೊನೆಯ ಕೋಟು! ಅವರ ಕೈ ನಡುಗುತ್ತಿತ್ತು. ಭೂಮಿ ಬಾಯಿಬಿಡಬಾರದೇ ಎನ್ನಿಸಿತು ನನಗೆ. ಬಿಟ್ಟಿದ್ದು ಬರೀ ಕೋಟು.

ಜೊತೆಗೆ ಬಂದಿದ್ದ ಹೆಂಡತಿ, ಸ್ಟೂಲಿನಿಂದ ಇಳಿದ ನನ್ನ ಕೈಯಿಂದ ಫೋನು ಕಿತ್ತುಕೊಂಡಳು. ಯಂತ್ರವನ್ನು ಬಾಗಿಲ ಬೆಳಕಿಗೆ ಎಳೆದಳು. ತಾನು ಹೊಸ್ತಿಲ ಬಳಿ ನೆಲದ ಮೇಲೆ ಕುಳಿತು, “ನೀವು ಹೊಲೀರಿ ಅಪ್ಪ,” ಎಂದಳು. ನನಗೆ ಬೀದಿಗೆ ಹೋಗಿ ನಿಲ್ಲಲು ಕಣ್ಣಲ್ಲೇ ಅಪ್ಪಣೆಯಾಯಿತು.

ಸಂಜೆ ಹೆಡ್‌ಮಾಸ್ತರರು ಕೋಟು ತೊಟ್ಟು, ಕತ್ತರಿ ಬಿದ್ದಲ್ಲಿ ಮೂಡಿದ್ದ ಹೊಸ ಜೇಬಿಗೆ ಕೈಯಿಳಿಸಿ, “ಸೀಮೆಸುಣ್ಣಕ್ಕೆ ಅಂತಲೇ ಜೇಬಾ!” ಎಂದು ಹಿಗ್ಗಿದರು.

“ಅಳಿಯಂದಿರು ಹೇಳಿದ್ರು, ಇಟ್ಟೆ,” ಎಂದರು ಮಾವ. ಎಂಥ ದೊಡ್ಡ ಮನಸ್ಸು!

ಮನೆಯಲ್ಲಿ ಎಲ್ಲರೂ ಸೇರಿ ಹೆಂಡತಿ ತೆಗೆದದ್ದನ್ನು ನೋಡಿದೆವು. ಮುಕ್ಕಾಲು ಫ್ರೇಮು ಕತ್ತಲು. ಒಂದು ಬದಿಯಲ್ಲಿ ಎರಡು ಮುದಿ ಕೈಗಳು, ಅವುಗಳ ಮೇಲೆ ಬಾಗಿಲಿನ ಬೆಳಕು. ತುಂಡು ಬಟ್ಟೆಯ ಗೆರೆ ಕೋಟಿನ ಗೆರೆಗೆ ಬಂದು ಕೂಡುವವರೆಗೆ ಅವಳ ಕೈ ಅಲುಗಿರಲಿಲ್ಲ. ಮಾವನವರ ಕೈನಡುಕ ನಿಂತದ್ದು ನಮ್ಮ ಕಣ್ಣೆದುರೇ! ಮುಖ ಕಂಡದ್ದು ಕಟ್ಟಕಡೆಗೆ. ಕೋಟನ್ನು ಎತ್ತಿ ನೋಡಿ, ಅರ್ಧ ನಕ್ಕರು. ಮೂರು ವಾರದ ಪಾಠದಲ್ಲಿ ಇದನ್ನು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ. ನಾನಂತೂ ಬಿಕ್ಕಿಬಿಕ್ಕಿ ಅತ್ತೆ.

ಅತ್ತೆಯವರೂ ಕಣ್ಣೊರೆಸಿಕೊಂಡು ಕೇಳಿದರು: “ಎಷ್ಟು ಚೆನ್ನಾಗಿ ಬಂದಿದೆಯೇ! ಆದ್ರೆ ಅಳಿಯಂದಿರು ಎಲ್ಲೂ ಕಾಣೋದೇ ಇಲ್ವಲ್ಲ?”

ಹೆಂಡತಿ ಫೋನು ಆರಿಸುತ್ತ ಹೇಳಿದಳು: “ಅದನ್ನೇ ಅಮ್ಮ, ಕಂಪೋಸಿಷನ್ ಅನ್ನೋದು!”