ಮನೆಮಂದಿಯ ಮೇಲೆ ನನ್ನ ಸೈಕಾಲಜಿ

ಮನೆಯಲ್ಲಿ ಒಬ್ಬರು ಸೈಕಾಲಜಿ ಓದತೊಡಗಿದರೆ ಉಳಿದವರಿಗೆ ದಿನಾ ಏನಾದರೊಂದು ಆಗುತ್ತಲೇ ಇರುತ್ತದೆ. ನಮ್ಮ ಮನೆಯಲ್ಲಿ ಓದುವವಳು ನಾನು. ಬರೆಯುವುದು ಇದೇ ಮೊದಲು, ಆದ್ದರಿಂದ ಮೊದಲೇ ವಿವರಿಸಿಬಿಡುತ್ತೇನೆ. ಧಾರವಾಡದ ಕಾಲೇಜಿನಲ್ಲಿ ನಮ್ಮ ಮೇಡಂ, ಜನ ಒಬ್ಬರನ್ನು ನೋಡಿ ಇನ್ನೊಬ್ಬರು ಹೇಗೆ ನಡೆದುಕೊಳ್ಳುತ್ತಾರೆ ಎಂಬುದನ್ನು ಪರಿಚಿತರ ಮೇಲೆ ಪ್ರಯೋಗ ಮಾಡಿ ನೋಡಲು ಹೇಳಿದ್ದರು. ಅದೇ ಹೊತ್ತಿಗೆ ಸುಳ್ಳ ಎಂಬ ಊರಿನಿಂದ ಅಕ್ಕನಿಗೆ ಸಂಬಂಧ ಬಂದಿತ್ತು. ಹುಡುಗ ಅವಳಿಗೆ ಬಹಳ ಹಿಡಿಸಿದ್ದ. “ಮಾತುಕತಿ ಮುಗಿಯೂತನಾ ನಿನ್ನ ಪ್ರಯೋಗ ಬಂದ್,” ಎಂದಿದ್ದಳು ಅವ್ವ. ನಾನು ಕೇಳಲಿಲ್ಲ.

ಮಾಳಿಗೆ

ಇಬ್ಬರು ಗೆಳತಿಯರೊಡನೆ ಹುಬ್ಬಳ್ಳಿ ಕಮರಿಪೇಟೆಯ ನಮ್ಮ ಓಣಿಯಲ್ಲಿ ನಿಂತು ಎದುರುಮನೆಯ ಮಾಳಿಗೆಯನ್ನೇ ದಿಟ್ಟಿಸಿದೆ. ಅಲ್ಲಿ ಏನೂ ಇರಲಿಲ್ಲ. ಏನೂ ಇಲ್ಲದಿರುವುದೇ ಪ್ರಯೋಗ. ಸ್ವಲ್ಪ ಹೊತ್ತಿಗೆ ಓಣಿ ತುಂಬ ಜನ ಕತ್ತೆತ್ತಿ ನಿಂತರು. ಗದ್ದಲ ಕೇಳಿ ಆ ಮನೆಯ ಅಜ್ಜ ಮೊಣಕಾಲು ಹಿಡಿದುಕೊಂಡು ಮೇಲೆ ಹತ್ತಿ, “ಇಲ್ಲೇನೂ ಇಲ್ಲಲ್ರೆಪಾ!” ಎಂದು ಕೂಗಿದರು.

ಕೆಳಗಿದ್ದ ಒಬ್ಬರು, “ಅಲ್ಲಿಂದ ಕಾಣಂಗಿಲ್ರಿ ಅಜ್ಜಾರ, ಇಲ್ಲಿ ಬಂದ ನೋಡ್ರಿ,” ಎಂದರು.

ಅಜ್ಜ ಇಳಿದು ಬಂದು, ಕತ್ತೆತ್ತಿ ನೋಡಿ, “ಹೌದಲಾ!” ಎಂದರು.

ಸಪ್ಪನ ಚಹಾ

ಅವ್ವ ಚಹಾ ಕೊಟ್ಟಳು. ಮೊದಲೇ ಮಾತಾಡಿಕೊಂಡಂತೆ ನಾನು, ಗೆಳತಿಯರು ಎಲ್ಲರೂ “ಸಕ್ಕರಿನ ಇಲ್ಲ” ಎಂದೆವು. ಖುಷಿಯಿಂದ ಕುಡಿಯುತ್ತಿದ್ದ ಅಪ್ಪ ಲೋಟ ಕೆಳಗಿಟ್ಟರು. “ಖರೇ ನೋಡು. ಒಂದೀಟ ಸಪ್ಪಗ ಐತಿ.”

ಅವ್ವ ಲೋಟಗಳನ್ನು ಒಳಗೆ ಒಯ್ದು ಮತ್ತೆ ತಂದಳು. ಅಪ್ಪ ಒಂದು ಗುಟುಕು ಕುಡಿದು, “ಈಗ ಬರೋಬ್ಬರಿ ಆತು,” ಎಂದರು.

“ನಾ ಸಕ್ಕರಿ ಡಬ್ಬಿ ಮುಟ್ಟೇ ಇಲ್ಲ,” ಎಂದಳು ಅವ್ವ.

ಗೆಳತಿಯರು ನಕ್ಕರು. ನನಗೆ ಅಪ್ಪನ ಮುಖ ನೋಡಲು ನಾಚಿಕೆಯಾಯಿತು. ಅಪ್ಪ ಮಾತ್ರ, “ಹಂಗಾದ್ರ ಒಳಗಿನ ಹವಾ ಛಲೋ ಐತಿ,” ಎಂದು ಚಹಾ ಮುಗಿಸಿದರು.

ಹೋಳಿಗೆ

ನಮ್ಮ ಕಡೆ ಊಟಕ್ಕೆ ಕುಳಿತವರು “ಸಾಕ್ರಿ” ಎಂದರೆ ಸಾಕೆಂದಲ್ಲ, ಇನ್ನೊಮ್ಮೆ ಒತ್ತಾಯ ಮಾಡಿರಿ ಎಂದು. ಎಲ್ಲರಿಗೂ ಗೊತ್ತಿರುವುದೇ, ಆದರೂ ಹೇಳಿದೆ. ಈ ರೂಢಿ ಮುರಿದರೆ ಏನಾಗುತ್ತದೆ ಎಂಬುದು ನನ್ನ ಮುಂದಿನ ಪ್ರಯೋಗ.

ಸುಳ್ಳದವರು ಮಾತುಕತೆಗೆ ಬಂದ ದಿನ ಹೋಳಿಗೆ ಬಡಿಸುತ್ತಿದ್ದವಳು ನಾನು. ಹುಡುಗನ ಕಾಕಾ ಒಂದು ತಿಂದು, ಎಲೆಗೆ ಕೈ ಅಡ್ಡ ಹಿಡಿದು, “ಸಾಕವ್ವಾ,” ಎಂದರು. “ಆತ್ರಿ,” ಎಂದು ಮುಂದೆ ನಡೆದೆ. ಅವರ ಕೈ ಅಲ್ಲೇ ಉಳಿಯಿತು. ಉಳಿದವರಿಗೂ ಹಾಗೇ ಮಾಡಿದೆ. ಊಟ ಬೇಗ ಮುಗಿಯಿತು.

“ಹೊಟ್ಟಿಗಿ ಹಾಕದ ಮನಿ ಅಂತಾರ ನಮ್ಮನ್ನ,” ಎಂದು ಅಕ್ಕ ಅಡುಗೆಮನೆಯಲ್ಲಿ ಅತ್ತಳು. ವಾರವಾದರೂ ಸುಳ್ಳದಿಂದ ಸುದ್ದಿಯಿಲ್ಲ. ಅಕ್ಕ ನನ್ನೊಡನೆ ಮಾತೇ ಬಿಟ್ಟಳು.

ಕೊನೆಗೆ ಫೋನ್ ಬಂತು: “ಹುಡುಗಿ ಪಸಂದ್ ಅದಾಳ್ರಿ. ಎಲ್ಲಾರೂ ಊಟಕ್ಕ ಬರ್ರಿ.”

ಅಪ್ಪ ಬೆಳಗಿನ ನಾಷ್ಟಾ ಬಿಟ್ಟು ನಮ್ಮನ್ನೆಲ್ಲ ಕರೆದುಕೊಂಡು ಹೊರಟರು. ಅಲ್ಲಿ ಬಡಿಸಿದವರು ಅದೇ ಕಾಕಾ. ಅಪ್ಪ ಒಂದು ಹೋಳಿಗೆ ತಿಂದು, ಸಂಪ್ರದಾಯದಂತೆ ಕೈ ಅಡ್ಡ ಹಿಡಿದು, “ಸಾಕ್ರಿ,” ಎಂದರು.

“ಆತ್ರಿ,” ಎಂದು ಕಾಕಾ ಮುಂದೆ ಹೋದರು.

ಹೊರಡುವಾಗ ಕಾಕಾ ಕೈಮುಗಿದರು. “ನಿಮ್ಮ ಮನ್ಯಾಗ ಒತ್ತಾಯ ಮಾಡೂ ಪದ್ಧತಿ ಇಲ್ಲಂತ ಅವತ್ತ ತಿಳೀತ್ರಿ. ಬೀಗರ ಪದ್ಧತಿ ನಾವೂ ನಡಸಬೇಕಲ್ರಿ? ಒಳಗ ಇನ್ನೂ ಬುಟ್ಟಿ ತುಂಬ ಹೋಳಿಗಿ ಉಳದಾವ!”

“ಹೌದ್ರಿ, ನಮ್ಮದು ಮೊದಲಿಂದ ಹಂಗ,” ಎಂದರು ಅಪ್ಪ.

ಹುಬ್ಬಳ್ಳಿ ಮುಟ್ಟಿದ ಕೂಡಲೇ ಅಪ್ಪ ಮಿರ್ಚಿ ಭಜಿ ಗಾಡಿಯ ಮುಂದೆ ನಿಂತರು. ಪ್ಲೇಟ್ ಖಾಲಿಯಾಯಿತು. ಗಾಡಿಯವನು, “ಇನ್ನೊಂದ...” ಎನ್ನುವಷ್ಟರಲ್ಲಿ ಅಪ್ಪ ಎರಡೂ ಕೈಯಿಂದ ಪ್ಲೇಟ್ ಮುಂದೆ ಚಾಚಿ ಹೇಳಿದರು: “ಹಾಕ್ರಿ! ಮಗಳು ಏನರ ಬಾಯಿ ತಗಿಯೂದ್ರಾಗ ಹಾಕಿಬಿಡ್ರಿ!”