ಬದುಕಿದ್ದವರಿಗೆ ಗಂಧದ ಹಾರ

ಯಾವ ಕುಟುಂಬದಲ್ಲೇ ಆಗಲಿ ಒಬ್ಬ ಡಾಕ್ಟರ್ ಇರಬೇಕು, ಒಬ್ಬ ಲಾಯರ್ ಇರಬೇಕು. ಸಿನಿಮಾ ಮಾಡುವವನು ಮಾತ್ರ ಪಕ್ಕದ ಮನೆಯಲ್ಲಿರಬೇಕು. ನನ್ನ ಹಣೆಬರಹಕ್ಕೆ ಅವನು ನನ್ನ ಸ್ವಂತ ತಮ್ಮ. ಗೋಪಿ ತನ್ನ ಸಿನಿಮಾಗಳಿಗೆ ತಾನೇ ಪ್ರೊಡ್ಯೂಸರ್, ತಾನೇ ಡೈರೆಕ್ಟರ್. ‘ಇಂಡಿಪೆಂಡೆಂಟ್’ ಎನ್ನುತ್ತಿದ್ದ. ಹಾಗೆಂದರೆ ಊಟ ನಮ್ಮ ಮನೆಯಲ್ಲಿ, ಶೂಟಿಂಗೂ ನಮ್ಮ ಮನೆಯಲ್ಲಿ. ರೇಷ್ಮೆಹುಳುವಿನ ಡಾಕ್ಯುಮೆಂಟರಿ, ಆನೆಕಾಲು ರೋಗದ ಡಾಕ್ಯುಮೆಂಟರಿ, ಹಪ್ಪಳದ ಜಾಹೀರಾತು, ನಡುವೆ ಯಾರದೋ ಮದುವೆಯ ವಿಡಿಯೊ, ಅವನು ಮುಟ್ಟದ ಸಬ್ಜೆಕ್ಟೇ ಇಲ್ಲ. ಬಿಟ್ಟಿ ನಟಿಯೆಂದು ಎಲ್ಲದರಲ್ಲೂ ನಾನಿದ್ದೆ. ಆನೆಕಾಲಿನ ಚಿತ್ರ ಟೀವಿಯಲ್ಲಿ ಬಂದ ಮೇಲೆ ಗಾಂಧಿ ಬಜಾರಿನ ಸೊಪ್ಪಿನವಳು ನನ್ನ ಮುಖಕ್ಕಿಂತ ಮೊದಲು ಕಾಲು ನೋಡುತ್ತಿದ್ದಳು. ಆದರೆ ಒಂದರಲ್ಲೂ ನನಗೆ ಮಾತಿರಲಿಲ್ಲ. ಕಾನ್ವೆಂಟಿನಲ್ಲಿ ಎಲೊಕ್ಯೂಷನ್ ಪ್ರೈಜ್ ಗೆದ್ದವಳು ಹಪ್ಪಳ ಕಚ್ಚಿ ನಗುವುದರಲ್ಲೇ ಮುಗಿದುಹೋಗುತ್ತೇನೇನೋ ಎಂಬ ಕೊರಗನ್ನು ಯಾರಿಗೆ ಹೇಳಲಿ?

ಹಾಗಿರುವಾಗ, ತೊಂಬತ್ತರ ದಶಕದ ಕೊನೆಗೆ, ಗೋಪಿ ದೊಡ್ಡ ಸಿನಿಮಾಗೇ ಕೈ ಹಾಕಿದ. “ಅಕ್ಕ, ನಿಂದೇ ಮೇನ್ ಸೀನು. ಸತ್ತ ಗಂಡನ ಫೋಟೋ ಮುಂದೆ ಪೂರ್ತಿ ಒಂದು ಪುಟ ಡೈಲಾಗು!” ಸತ್ತವನ ಪಾತ್ರಕ್ಕೆ ನಟನನ್ನು ಕರೆಸುವುದು ದಂಡವೆಂದು ನಮ್ಮೆಜಮಾನರ ಫೋಟೋವನ್ನೇ ಹಾಲ್‌ನ ಗೋಡೆಗೆ ತಗುಲಿಸಿ ಗಂಧದ ಹಾರ ಹಾಕಿಬಿಟ್ಟ. ನಮ್ಮವರು ಅದರ ಕೆಳಗೇ ಪೇಪರ್ ಓದುತ್ತಾ, “ಇರ್ಲಿ ಬಿಡೆ. ರಿಟೈರ್ ಆದಾಗ್ಲೂ ಆಫೀಸ್ನೋರು ಇಷ್ಟು ಒಳ್ಳೇ ಹಾರ ಹಾಕಿರ್ಲಿಲ್ಲ,” ಎಂದರು.

ಆ ಸೀನಿನಲ್ಲಿ ನಾನು ಅತ್ತಿದ್ದೇ ಅತ್ತಿದ್ದು! ಗ್ಲಿಸರಿನ್ ಬೇಡವೆಂದೆ. ಒಂದೇ ಟೇಕ್. ಕ್ಯಾಮೆರಾದವನೂ ಕಣ್ಣೊರೆಸಿಕೊಂಡ. ಈ ಅಳು ತೆರೆಯ ಮೇಲೆ ಬಂದರೆ ಸಾಕು, ಜನ್ಮ ಸಾರ್ಥಕ ಎಂದುಕೊಂಡೆ. ಇನ್ನೊಂದು ದಿನದ ಶೂಟಿಂಗ್ ಬಾಕಿಯಿತ್ತು. ಅಲ್ಲಿಯವರೆಗೆ ಗೋಡೆಯ ಮೇಲಿನದು ಏನೂ ಅಲ್ಲಾಡಬಾರದು, ಕಂಟಿನ್ಯೂಯಿಟಿ, ಎಂದು ಗೋಪಿಯ ಅಪ್ಪಣೆ. ಹೀಗಾಗಿ ಗೌರಿ ಹಬ್ಬ ಬಂದರೂ ನಮ್ಮವರು ಹಾರದಲ್ಲೇ ಇದ್ದರು.

ಹಬ್ಬದ ಬೆಳಿಗ್ಗೆ ಅವರು ಬಾಳೆಲೆ ತರಲು ಹೋಗಿದ್ದಾಗ ಅವರ ಅಕ್ಕ ಪದ್ಮಕ್ಕ ತವರಿನ ಬಾಗಿನಕ್ಕೆಂದು ಚಾಮರಾಜಪೇಟೆಯಿಂದ ಬಂದಿಳಿದರು. ಗೋಡೆ ನೋಡಿದ್ದೇ, “ಅಯ್ಯೋ ರಾಮೂ! ಒಂದು ಫೋನೂ ಮಾಡ್ಲಿಲ್ವಲ್ಲೇ ನಂಗೆ!” ಎಂದು ಸೋಫಾದ ಮೇಲೆ ಕುಸಿದರು.

“ಪದ್ಮಕ್ಕ, ಇಟ್ ಈಸ್ ಓನ್ಲಿ ಫಾರ್ ದಿ ಫಿಲ್ಮ್,” ಎಂದೆ. ಗಾಬರಿಯಾದಾಗ ನನಗೆ ಇಂಗ್ಲಿಷೇ ಬರುವುದು. ಅಷ್ಟರಲ್ಲಿ ಬಾಗಿಲಲ್ಲಿ ಬಾಳೆಲೆಯ ಹಿಂದಿನಿಂದ ನಮ್ಮವರು ಇಣುಕಿದರು. “ಏನಕ್ಕ, ಯಾರು ಹೋದ್ರು?”

“ನೀನೇ ಕಣೋ!”

ಅತ್ತು ಮುಗಿದ ಮೇಲೆ ಬೈಗುಳ. “ಗೌರಿ ದಿನ ಬದುಕಿರೋ ಗಂಡನಿಗೆ ಹಾರ ಹಾಕಿಟ್ಟಿದೀಯಲ್ಲೇ, ನಿಮ್ಮ ಕಾನ್ವೆಂಟಲ್ಲಿ ಇದೇನಾ ಹೇಳ್ಕೊಟ್ಟಿದ್ದು? ರಾಮು, ಇನ್ಮೇಲೆ ಈ ಮನೇಲಿ ಶೂಟಿಂಗ್ ಇಲ್ಲ!” ನಮ್ಮವರು ಅಕ್ಕನ ಮಾತು ಮೀರಿದವರಲ್ಲ. ಪದ್ಮಕ್ಕ ಬಾಗಿನದ ಮೊರದ ಜೊತೆಗೆ ಆ ಫೋಟೋವನ್ನೂ ಕಂಕುಳಲ್ಲಿಟ್ಟುಕೊಂಡು ಆಟೋ ಹತ್ತಿದರು.

ಗೋಪಿ ಚಾಮರಾಜಪೇಟೆಗೆ ಓಡಿ ಕಾಲಿಗೆ ಬಿದ್ದ. ಪದ್ಮಕ್ಕ ಕೊನೆಗೆ ಕರಗಿದರು, ಆದರೆ ಒಂದು ಷರತ್ತು: “ಸಿನಿಮಾದಲ್ಲೂ ನನ್ನ ತಮ್ಮ ಸಾಯಕೂಡ್ದು. ಎಲ್ಲೋ ಹೋಗಿದ್ದ, ವಾಪಸ್ ಬಂದ ಅಂತ ಮಾಡು.” ಇಂಡಿಪೆಂಡೆಂಟ್ ಡೈರೆಕ್ಟರು ತಲೆಯಾಡಿಸಿ ಬಂದ. ಕೊನೆಯ ದಿನದ ಶೂಟಿಂಗಿನಲ್ಲಿ ನಮ್ಮವರೇ ಬಾಗಿಲಲ್ಲಿ ನಿಂತು, ದಿನಾ ಕೇಳುವ ಹಾಗೇ, “ಕಾಫಿ ಇದೆಯಾ?” ಎಂದರು.

ಸಿನಿಮಾ ತೋರಿಸಿದ ದಿನ ಆ ಮಾತಿಗೆ ಚಪ್ಪಾಳೆಯೋ ಚಪ್ಪಾಳೆ. ಯಾರೋ ವಿಮರ್ಶಕರು ಆ ಕಾಫಿಯಲ್ಲಿ ಇಡೀ ದಾಂಪತ್ಯದ ಅರ್ಥ ಕಂಡರಂತೆ. ನನ್ನ ಅಳು? “ಗಂಡ ಬದುಕಿದಾನೆ ಅಂದ್ಮೇಲೆ ಅದನ್ನ ಎಲ್ಲಿ ಅಂಟಿಸ್ಲಿ ಅಕ್ಕ?” ಎಂದು ಗೋಪಿ ಕತ್ತರಿಸಿ ಹಾಕಿದ್ದ. ಆ ಕಾಫಿ ತಂದುಕೊಟ್ಟವಳು ನಾನೇ, ಆದರೆ ಬೆನ್ನು ಮಾತ್ರ ಕಾಣುತ್ತಿತ್ತು. ಪಕ್ಕದ ಸೀಟಿನಲ್ಲಿ ನಮ್ಮವರು ಹೊಸ ಅಳಿಯನ ಹಾಗೆ ನಾಚಿಕೊಳ್ಳುತ್ತಿದ್ದರು. ದೇವರು ಕ್ಷಮಿಸಲಿ, ಗಂಡ ಬದುಕಿ ಬಂದುಬಿಟ್ಟನಲ್ಲ ಎಂದು ಆ ಕತ್ತಲಲ್ಲಿ ಕೂತು ಸಂಕಟಪಟ್ಟ ಮುತ್ತೈದೆ ಇಡೀ ಬಸವನಗುಡಿಗೆ ನಾನೊಬ್ಬಳೇ ಇರಬೇಕು.