ನಾನು ಕಣ್ಣಾರೆ ಕಂಡ ಚಿರತೆ

ನಮ್ಮ ನೆಂಟರ ವಾಟ್ಸಾಪ್ ಗುಂಪಿನಲ್ಲಿ ಸುಳ್ಳು ಬಹಳ ಹೊತ್ತು ಬದುಕುವುದಿಲ್ಲ. ಏಕೆಂದರೆ ಅಲ್ಲಿ ನಾನಿದ್ದೇನೆ.

ಜಮಖಂಡಿ, ಮುಧೋಳ, ಬೀಳಗಿ, ಬನಹಟ್ಟಿ ಎಂದು ಚೆಲ್ಲಿಕೊಂಡಿರುವ ನಮ್ಮವರು ಬೆಳಗಾದರೆ ಸಾಕು, ಗುಂಪಿಗೆ ಏನಾದರೂ ತಂದು ಸುರಿಯುತ್ತಾರೆ. ನೋಟಿನೊಳಗೆ ಚಿಪ್ ಇದೆ. ಫೋನಿಗೆ ಬೇವಿನ ಎಲೆ ಕಟ್ಟಿದರೆ ತಲೆನೋವು ಬರುವುದಿಲ್ಲ. ನಾಳೆಯಿಂದ ನಮ್ಮ ಕರೆಗಳನ್ನೆಲ್ಲ ಸರ್ಕಾರ ಕೇಳಿಸಿಕೊಳ್ಳಲಿದೆ. (ನನ್ನ ಹೆಂಡತಿಯ ತಮ್ಮ ಮಲ್ಲಪ್ಪನ ಕರೆಗಳನ್ನು ಕೇಳಬೇಕಾದ ಅಧಿಕಾರಿಗೆ ನನ್ನ ಸಹಾನುಭೂತಿ. ಮೊದಲು ಕಬ್ಬು, ಆಮೇಲೆ ಕೆಮ್ಮು, ಮತ್ತೆ ಕಬ್ಬು.) ಕಾಲೇಜಿಗೆ ಪಾಠ ಹೇಳಲು ಹೊರಡುವ ಮುಂಚೆ ಇವಕ್ಕೆಲ್ಲ ‘ಸುಳ್ಳು. ಮೂಲ ತಿಳಿಸಿ’ ಎಂದು ಬರೆದು ವಿಲೇವಾರಿ ಮಾಡುವುದು ನನ್ನ ನಿತ್ಯಕರ್ಮ. ಯಾವುದನ್ನೂ ಸುಮ್ಮನೆ ನಂಬಬಾರದೆಂದು ಧಾರವಾಡದಲ್ಲಿ ಎಂ.ಎ. ಓದುವಾಗ ತರಗತಿಯಲ್ಲಿ ಕಲಿತೆ. ತರಗತಿಯಲ್ಲೋ ಕ್ಯಾಂಟೀನಿನಲ್ಲೋ ಎಂದು ಈಚೆಗೆ ಅನುಮಾನ ಶುರುವಾಗಿದೆ. ನನ್ನ ನೆನಪನ್ನೂ ನಾನು ಸುಮ್ಮನೆ ನಂಬುವುದಿಲ್ಲ. ಬೀಗ ಹಾಕಿದ ಮೇಲೂ ಬಾಗಿಲಿಗೆ ಎರಡು ಸಲ ವಾಪಸ್ಸು ಬರುತ್ತೇನೆ.

“ನಿಮ್ಮ ಅನುಮಾನಕ್ಕ ಮದ್ದಿಲ್ಲ ಬಿಡ್ರಿ,” ಎನ್ನುತ್ತಾಳೆ ಹೆಂಡತಿ ಶಾಂತಾ. “ನಮ್ಮ ಮದವಿ ಫೋಟೋ ತೋರಿಸಿದ್ರೂ ಮೂಲ ಎಲ್ಲಿ ಅಂತೀರಿ.”

ಕಳೆದ ಚಳಿಗಾಲದಲ್ಲಿ ಮಲ್ಲಪ್ಪನ ಮಗಳು ಸವಿತಾಳ ನಿಶ್ಚಿತಾರ್ಥ ನಿಗದಿಯಾಯಿತು. ಮಲ್ಲಪ್ಪನ ಮನೆ ಅನಗವಾಡಿಯ ಹೊಲದಲ್ಲಿ. ಗಂಡಿನವರು ಮಹಾಲಿಂಗಪುರದ ಬೆಲ್ಲದ ವ್ಯಾಪಾರಿಗಳು. ಹುಡುಗ ಸವಿತಾಳಿಗೆ ಬಹಳ ಹಿಡಿಸಿದ್ದ. ಗುಂಪಿನಲ್ಲಿ ಅವನ ಫೋಟೋ ಬಂದಾಗ ನಾನು ‘ಮೂಲ ತಿಳಿಸಿ’ ಎಂದು ಬರೆದದ್ದಕ್ಕೆ ಆಕೆ ಒಂದು ವಾರ ನನ್ನೊಡನೆ ಮಾತಾಡಿರಲಿಲ್ಲ. ಸೋದರತ್ತೆ ಕೊಡುವ ಸೀರೆಯನ್ನು ಶಾಂತಾ ಬನಹಟ್ಟಿಯ ಮಗ್ಗದವರಲ್ಲಿ ಹೇಳಿ ನೇಯಿಸಿದ್ದಳು. ಹಿಂದಿನ ದಿನವೇ ಅದನ್ನು ಅನಗವಾಡಿಗೆ ಮುಟ್ಟಿಸುವುದು ನನ್ನ ಜವಾಬ್ದಾರಿ. ಸೀರೆ ಒಯ್ಯುವುದು, ಕೊಡುವುದು, ಬರುವುದು. ಎಂ.ಎ. ಬೇಕಾಗಿಲ್ಲದ ಕೆಲಸ!

ಬೆಳಿಗ್ಗೆ ಜಮಖಂಡಿಯಿಂದ ಸ್ಕೂಟರ್ ಹತ್ತಿ ಹೊರಟೆ. ಬೀಳಗಿ ದಾಟಿ ಹೊಲದ ದಾರಿಗೆ ಇಳಿದಾಗ ಇನ್ನೂ ಮಂಜಿತ್ತು. ಎರಡೂ ಕಡೆ ಆಳೆತ್ತರದ ಕಬ್ಬು. ಅದರೊಳಗೆ ಸರಸರ ಸದ್ದಾಯಿತು. ಸ್ಕೂಟರ್ ನಿಲ್ಲಿಸಿದೆ. ಕಬ್ಬು ಸರಿಯಿತು. ಹಳದಿ ಮೈ, ಕರಿ ಚುಕ್ಕೆ. ಹೊರಗೆ ಬಂದು, ದಾರಿಯ ಮಧ್ಯೆ ನಿಂತು, ಅದು ನನ್ನನ್ನೇ ನೋಡಿತು.

ಸಂಶಯವಾದಿಯಾದವನು ಪುರಾವೆ ಇಲ್ಲದೆ ಓಡಬಾರದು. ಒಂದು ಫೋಟೋ ತೆಗೆದೆ. ಆಮೇಲೆ ಓಡಿದೆ!

ಸ್ಕೂಟರ್ ತಿರುಗಿಸಿ ಎಷ್ಟು ಕಿವಿ ಹಿಂಡಬಹುದೋ ಅಷ್ಟು ಹಿಂಡಿದೆ. ಚಿರತೆ ಬೆನ್ನು ಹತ್ತಿತು. ಪಕ್ಕಕ್ಕೆ ಬಂತು. ನನ್ನನ್ನು ಹಿಂದೆ ಹಾಕಿ ಮುಂದೆ ಓಡಿತು. ಆಮೇಲೆ ನಿಂತು, ತಿರುಗಿ, ನಾನು ಬರುವುದನ್ನು ಕಾಯಿತು. ಇಂಥ ಕುತಂತ್ರಿ ಪ್ರಾಣಿಯನ್ನು ನಾನು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಕಣ್ಣು ಮುಚ್ಚಿ ಅದನ್ನು ದಾಟಿದೆ. ಡಾಂಬರು ರಸ್ತೆ ಸಿಕ್ಕ ಮೇಲೆಯೇ ಕಣ್ಣು ತೆರೆದದ್ದು.

ಅಲ್ಲಿಂದಲೇ ಗುಂಪಿಗೆ ಫೋಟೋ ಹಾಕಿ ಬರೆದೆ: ‘ಅನಗವಾಡಿ ದಾರಿಯಲ್ಲಿ ಚಿರತೆ. ನಾನೇ ಕಣ್ಣಾರೆ ಕಂಡಿದ್ದೇನೆ. ಸೀರೆ ಸುರಕ್ಷಿತ.’

ಯಾರೂ ಮೂಲ ಕೇಳಲಿಲ್ಲ. ಮಲ್ಲಪ್ಪನ ಫೋನ್ ಬಂತು. “ಮುಗೀತು ಬಿಡ್ರಿ ಭಾವಾರ! ದೇವರು ಅದಾನ ಅಂದ್ರೂ ಸಾಕ್ಷಿ ಕೇಳೋರು ನೀವು. ನೀವ ಚಿರತಿ ಐತಿ ಅಂದ್ರ, ಐತಿ!”

ವರ್ಷಗಟ್ಟಲೆ ‘ಸುಳ್ಳು, ಸುಳ್ಳು’ ಎಂದು ಗಳಿಸಿದ್ದ ಮರ್ಯಾದೆ ಒಂದೇ ಬೆಳಗಿನಲ್ಲಿ ಚಿರತೆಯ ಪಾಲಾಯಿತು. ಕಬ್ಬು ಕಡಿಯುವವರು ಕತ್ತಿ ಬಿಸಾಡಿ ಟ್ರ್ಯಾಕ್ಟರ್ ಹತ್ತಿ ಕುಳಿತರಂತೆ. ನಾನು ಜಮಖಂಡಿ ಮುಟ್ಟುವ ಮುಂಚೆಯೇ ಸುದ್ದಿ ಮಹಾಲಿಂಗಪುರ ಮುಟ್ಟಿತ್ತು. ಹುಡುಗನ ತಂದೆ ಶಂಕರಪ್ಪನವರ ಕರೆ ಬಂತು.

“ಪ್ರೊಫೆಸರ್ರ, ನಮ್ಮವ್ವ ಹಟ ಹಿಡದಾಳ್ರಿ. ನಿಶ್ಚೆಕ್ಕ ಹೋಗೋ ದಾರ್ಯಾಗ ಹುಲಿ ಅಡ್ಡ ಬಂದೈತಿ, ಆ ದಿಕ್ಕಿನ ಹೆಣ್ಣ ಬ್ಯಾಡ ಅನ್ನಾಕತ್ತಾಳ.”

“ಹುಲಿ ಅಲ್ರಿ, ಚಿರತೆ,” ಎಂದೆ. ನಿಖರತೆ ಮುಖ್ಯ.

ನಾಳೆ ಅವರು ಬರುವುದಿಲ್ಲವೆಂದು ತೀರ್ಮಾನವಾಯಿತು. ನಾಳೆ ಬಾರದವರು ನಾಡಿದ್ದೂ ಬರುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಮಧ್ಯಾಹ್ನ ಸವಿತಾ ಫೋನ್ ಮಾಡಿದಳು. ಅಳುತ್ತಲೇ ಕೇಳಿದಳು.

“ಮಾವಾ, ನೀವು ಖರೇನ ನೋಡೀರೇನ್ರಿ? ಎಷ್ಟ ದೊಡ್ಡದಿತ್ತು?”

“ಹೋರಿಯಷ್ಟು! ನನ್ನ ಕಣ್ಣನ್ನೇ ಅನುಮಾನಿಸ್ತೀಯಾ?”

ಇಡೀ ಬಳಗದಲ್ಲಿ ನನ್ನನ್ನು ಮೂಲ ಕೇಳಿದವಳು ಅವಳೊಬ್ಬಳೇ. ನನಗೆ ಬಂದದ್ದು ಸಿಟ್ಟು!

ಸಂಜೆ ಚಹಾ ಕುಡಿಯುತ್ತಾ ಕುಳಿತಿದ್ದಾಗ ಕಾಲೇಜಿನ ಗುಂಪಿನಿಂದ ಒಂದು ಫೋಟೋ ಬಂತು. ಸುತ್ತ ಕೆಂಪು ವೃತ್ತ, ಮೇಲೆ ದಪ್ಪ ಅಕ್ಷರ: ‘ತುಬಚಿಯಲ್ಲಿ ಚಿರತೆ ದಾಳಿ! ಪ್ರಾಧ್ಯಾಪಕರನ್ನು ಸೀರೆ ಸಮೇತ ಹೊತ್ತೊಯ್ದ ಚಿರತೆ!’ ತುಬಚಿ ಅನಗವಾಡಿಯ ಕಡೆಗಲ್ಲ, ನಮ್ಮ ಜಮಖಂಡಿಯ ಕಡೆಯ ಊರು. ಆ ಪ್ರಾಧ್ಯಾಪಕರಿಗಾಗಿ ಮರುಗಿದೆ. ಆದರೆ ಸತ್ಯ ಸತ್ಯವೇ. ಫೋಟೋ ದೊಡ್ಡದು ಮಾಡಿ ನೋಡಿದೆ. ಬೆಳಿಗ್ಗೆ ನಾನು ಕಂಡದ್ದು ಹೋರಿಯಷ್ಟಿತ್ತು, ಬಾಯಿ ತೆರೆದು ಗರ್ಜಿಸಿತ್ತು. ಇದು ಬಡಕಲು. ಬಾಯಿ ಮುಚ್ಚಿಕೊಂಡು ಸಂಭಾವಿತನ ಹಾಗೆ ನಿಂತಿತ್ತು. ನಮ್ಮ ಗುಂಪಿಗೂ ಅದನ್ನು ಹಾಕಿ, ಕೆಳಗೆ ಬರೆದೆ: ‘ಸುಳ್ಳು. ಹಳೆಯ ಫೋಟೋ, ಬೇರೆ ರಾಜ್ಯದ್ದು. ಪ್ರಾಧ್ಯಾಪಕರೊಬ್ಬರು ಸೀರೆ ಹಿಡಿದು ಹೊಲದಲ್ಲಿ ಏಕೆ ತಿರುಗುತ್ತಾರೆ? ತರ್ಕಕ್ಕೆ ನಿಲ್ಲುವುದಿಲ್ಲ.’

ಶಾಂತಾ ನನ್ನ ಕೈಯಿಂದ ಫೋನ್ ತೆಗೆದುಕೊಂಡಳು.

“ಈ ಮೂಲ್ಯಾಗ ಕಾಣೋ ಕನ್ನಡಿ ಯಾವ ರಾಜ್ಯದ್ದರೀ?”

“ಯಾವುದೋ ಸ್ಕೂಟರಿನದು.”

“ಅದರ ಮ್ಯಾಲಿನ ಟಿಕಳಿ ನಂದು.”

ನಿಜ. ಶಾಂತಾ ಸ್ಕೂಟರಿನ ಕನ್ನಡಿ ನೋಡಿ ಹಣೆಗೆ ಹೊಸ ಟಿಕಳಿ ಇಟ್ಟುಕೊಂಡು, ಹಳೆಯದನ್ನು ಅಲ್ಲೇ ಅಂಟಿಸುತ್ತಾಳೆ. ಅದು ಬೆಳಿಗ್ಗೆ ನಾನೇ ತೆಗೆದ ಫೋಟೋ. ಸೀರೆ ಹಿಡಿದು ಹೊಲದಲ್ಲಿ ತಿರುಗಿದ ಪ್ರಾಧ್ಯಾಪಕ ನಾನೇ!

ಆಕೆ ಫೋಟೋವನ್ನು ಇನ್ನಷ್ಟು ಹಿಗ್ಗಿಸಿದಳು. “ಚಿರತಿಗೆ ಹೊಟ್ಟಿ ಕೆಳಗ ಗುಂಡಿ ಇರ್ತಾವೇನ್ರಿ?”

ನಾಲ್ಕು ಗುಂಡಿ. ಒಂದು ಬೇರೆ ಬಣ್ಣದ್ದು.

“ಇದು ನಮ್ಮ ಮಲ್ಲಪ್ಪನ ಭೈರ್ಯಾ!” ಎಂದಳು. ಭೈರ್ಯಾ ಎಂದರೆ ಮುಧೋಳ ನಾಯಿ. ಮೈಮೇಲೆ ಮಾಂಸವೂ ಇಲ್ಲ, ಕೂದಲೂ ಇಲ್ಲ. ಚಳಿ ಬಂದರೆ ಕಡ್ಡಿಯ ಹಾಗೆ ನಡುಗುತ್ತದೆ. “ಥಂಡ್ಯಾಗ ನಡಗತೈತಿ ಅಂತ ಸವಿತಾ ಅದಕ್ಕ ಅಂಗಿ ಹೊಲದಾಳ. ಆ ಚುಕ್ಕಿ ಅರಿವಿ ಯಾರ ತಂದದ್ದು ಹೇಳ್ರಿ?”

“ಯಾರು?”

“ನೀವ! ಹ್ವಾದ ವರ್ಷ ಬನಹಟ್ಟಿಯಿಂದ ಅಕಿಗೆ ಕುಪ್ಪಸಕ್ಕಂತ ತಂದ್ರಿ. ಅಕಿ ಅದನ್ನ ನಾಯಿಗೆ ಹಾಕ್ಯಾಳ. ನಿಮ್ಮ ಸ್ಕೂಟರ್ ಗುರುತ ಹಿಡದ ಪಾಪ ಓಡಿ ಬಂದೈತಿ.”

ಬಟ್ಟೆ ತಂದದ್ದು ನನಗೆ ನೆನಪಿರಲಿಲ್ಲ. ಇರದ ನೆನಪನ್ನು ಅನುಮಾನಿಸುವುದು ಹೇಗೆಂದು ಎಂ.ಎ.ಯಲ್ಲಿ ಹೇಳಿಕೊಟ್ಟಿರಲಿಲ್ಲ.

ಶಂಕರಪ್ಪನವರಿಗೆ ಫೋನ್ ಮಾಡಿ ಸತ್ಯ ಹೇಳಿದೆ. ಅವರು ಸಮಾಧಾನವಾಗಿ ಕೇಳಿಸಿಕೊಂಡರು.

“ಪ್ರೊಫೆಸರ್ರ, ಮುಂಜಾನಿ ಚಿರತಿ ಐತಿ ಅಂದ್ರಿ. ಸಂಜಿಕ ಎಲ್ಲಾ ಸುಳ್ಳು ಅಂತ ಬರದ್ರಿ. ಈಗ ನಾಯಿ ಕುಪ್ಪಸ ತೊಟ್ಟೈತಿ ಅಂತೀರಿ. ಆರಾಮ ಅದೀರಿಲ್ರಿ?”

ಅಂದು ನಾನು ಹೇಳಿದ ಒಂದೇ ಒಂದು ನಿಜ ಅದು. ಅದನ್ನು ಮಾತ್ರ ಯಾರೂ ನಂಬಲಿಲ್ಲ!

ಶಾಂತಾ ನನ್ನನ್ನು ಪಕ್ಕಕ್ಕೆ ಸರಿಸಿ ಸವಿತಾಳಿಗೆ ಫೋನ್ ಮಾಡಿದಳು. ಸ್ವಲ್ಪ ಹೊತ್ತಿಗೆ ವಿಡಿಯೋ ಬಂತು. ಕಣ್ಣು ಊದಿಸಿಕೊಂಡ ಸವಿತಾ ಅಂಗಳದಲ್ಲಿ ಕುಳಿತು ನಾಯಿಗೆ ಗುಂಡಿ ಹಾಕುತ್ತಿದ್ದಾಳೆ. “ಬಾ ಭೈರ್ಯಾ, ಕಾಲ ಹಾಕಲೇ. ನಿನ್ನ ಸಲವಾಗಿ ನನ್ನ ಮದವಿ ಮುರೀತು. ಆದ್ರೂ ನಿನಗ ಥಂಡಿ ಹತ್ತಬಾರದಲ್ಲ?”

ಅದು ಮಹಾಲಿಂಗಪುರಕ್ಕೆ ಹೋಯಿತು. ನಾವು ಫೋನ್ ನೋಡುತ್ತಾ ಕುಳಿತೆವು. ಶಾಂತಾ ಮಡಿಲಲ್ಲಿದ್ದ ಸೀರೆಯನ್ನು ಬಿಚ್ಚಿ ಮತ್ತೆ ಮಡಿಸಿದಳು. ಕೊನೆಗೆ ಫೋನ್ ಬಂತು. ಮಾತಾಡಿದವರು ಹಟ ಹಿಡಿದಿದ್ದ ಹುಡುಗನ ಅಜ್ಜಿಯೇ.

“ನಾಯಿಗೂ ಥಂಡಿ ಆಕ್ಕೈತಿ ಅಂತ ತಿಳಿಯೋ ಹುಡುಗಿ, ನನ್ನ ಮೊಣಕಾಲಿಗೆ ಎಣ್ಣಿ ಹಚ್ಚೂದಿಲ್ಲೇನವಾ? ನಾಳೆ ಬರ್ತೀವಿ. ಆದರ ಆ ಪ್ರೊಫೆಸರ್‌ಗ ಹೇಳವಾ, ದಾರ್ಯಾಗ ಏನೂ ನೋಡಬ್ಯಾಡ ಅಂತ.”

ಮರುದಿನ ಸೀರೆಯೂ ಮುಟ್ಟಿತು, ನಿಶ್ಚಿತಾರ್ಥವೂ ಆಯಿತು. ಭೈರ್ಯಾ ಅದೇ ಅಂಗಿ ತೊಟ್ಟು ಊಟ ಮುಗಿಯುವವರೆಗೆ ನನ್ನ ಕಾಲ ಬಳಿಯೇ ಮಲಗಿತ್ತು. ಗಂಡಿನವರು ಒಬ್ಬೊಬ್ಬರಾಗಿ ಬಂದು ಫೋಟೋ ತೆಗೆಸಿಕೊಂಡರು. ನನ್ನೊಡನೆ ಅಲ್ಲ.

ಈಗಲೂ ಗುಂಪಿಗೆ ಏನೇ ಬಂದರೂ ನೆಂಟರು ತಪ್ಪದೆ ಕೇಳುತ್ತಾರೆ, “ಮಾವಾರ, ಇದು ಖರೇನೋ, ಸುಳ್ಳೋ?” ನಾನು ಆಳವಾಗಿ ಪರಿಶೀಲಿಸಿ ಉತ್ತರ ಬರೆಯುತ್ತೇನೆ. ಅವರು ಅದರ ತದ್ವಿರುದ್ಧವಾದದ್ದನ್ನು ನಂಬುತ್ತಾರೆ.

ಆವಾಗಿನಿಂದ ನಮ್ಮ ಬಳಗ ಒಮ್ಮೆಯೂ ಮೋಸಹೋಗಿಲ್ಲ ಎನ್ನುತ್ತಾಳೆ ಶಾಂತಾ.